ಅದಿತಿ ಎಂಬ ಗಿರಾಕಿ

ಮಹಾಂತೇಶ ಹುಡುಕುತ್ತಿದ್ದ ಅದಿತಿ ನಾನು. ಅವನ ಗಾಡಿಯನ್ನು ಹದಿನಾಲ್ಕು ಸಲ ಕರೆದು, ಹದಿನಾಲ್ಕು ಸಲವೂ ರದ್ದು ಮಾಡಿ, ಪ್ರತಿ ಸಲ ತಪ್ಪನ್ನು ಅವನ ಮೇಲೆಯೇ ಹೊರಿಸಿದವನು ನಾನು. ಅದಕ್ಕಾಗಿ ಅವನು ತನ್ನ ಸೋದರಮಾವನನ್ನು ಬೀದಿಯಲ್ಲಿ ನಿಲ್ಲಿಸಿ ಕಳ್ಳನೆಂದು ಕರೆದ. ಆಗ ನಿಜವಾದ ಕಳ್ಳ ಆ ಮಾವನ ಟ್ಯಾಕ್ಸಿಯ ಮುಂದಿನ ಸೀಟಿನಲ್ಲೇ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ — ಹೇಳಿದರೂ ನಂಬಬೇಕಾದವನು ನಂಬದಂತಾದ ಮೇಲೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಅದೊಂದೇ ನನಗೆ ಗೊತ್ತಿರುವ ರೀತಿ. ಅಂಧೇರಿಯಲ್ಲಿ ಔಷಧಗಳನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಕಂಡದ್ದನ್ನಷ್ಟೇ ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು — ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ ಇದು. ಅವರ ವರದಿಯಲ್ಲಿ ‘ಇರಬಹುದು’ ಎಂಬ ಮಾತು ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ.

ನಮ್ಮ ಮನೆ ಚೆಂಬೂರಿನಲ್ಲಿ, ಅಪ್ಪ ಮೈಸೂರಿನಿಂದ ಕೆಲಸಕ್ಕೆ ಬಂದಾಗ ಹಿಡಿದ ಹಳೆಯ ಕಾಲೊನಿಯಲ್ಲಿ. ಅಂಧೇರಿಗೆ ಹೋಗಲು ಮೂರು ದಾರಿ. ರಸ್ತೆಗಳು ಕೂಡುವ ನಾಕಾದಲ್ಲಿ ಕೆಂಪು ಬಸ್ಸು. ಅದೇ ನಾಕಾದಲ್ಲಿ ಕಾಲೀಪೀಲಿಗಳ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗಳ, ಶೇರ್ ಸ್ಟ್ಯಾಂಡು: ನಾಲ್ಕು ಜನ ತುಂಬಿದ ಮೇಲೆ ಟ್ಯಾಕ್ಸಿ ಘಾಟ್‌ಕೋಪರ್‌ಗೆ ಹೊರಡುತ್ತದೆ, ಅಲ್ಲಿಂದ ಮೆಟ್ರೋ. ಮೂರನೆಯದು ಫೋನಿನಲ್ಲಿ ಕರೆಯುವ ಗಾಡಿ, ನೇರ ಆಫೀಸಿನ ಬಾಗಿಲಿಗೆ. ಈ ಮೂರರಲ್ಲಿ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಬಸ್ಸು ಬಂದರೆ ಬಂತು. ಶೇರ್ ಟ್ಯಾಕ್ಸಿಗೆ ಉದ್ದ ಸಾಲು. ಫೋನಿನ ಗಾಡಿಯವರಂತೂ ಒಪ್ಪಿಕೊಂಡ ಮೇಲೆ ಕರೆ ಮಾಡಿ, “ಕಹಾಂ ಜಾನಾ ಹೈ?” ಎಂದು ಕೇಳಿ, ಅಂಧೇರಿ ಎಂದ ಕೂಡಲೇ ಕತ್ತರಿಸಿಬಿಡುತ್ತಿದ್ದರು. ಹೀಗೆ ಎರಡು ಸಲ ಮೋಸಹೋದ ಮೇಲೆ ನಾನೊಂದು ಉಪಾಯ ಹೂಡಿದೆ. ಉಪಾಯ — ಹಾಗೆಂದೇ ಆಗ ಅಂದುಕೊಂಡಿದ್ದೆ.

ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಬಿಲ್ಡಿಂಗ್ ಗೇಟಿನಲ್ಲಿ ನಿಂತು ಫೋನಿನಲ್ಲಿ ಒಂದು ಗಾಡಿ ಹಿಡಿದಿಡುವುದು. ನಾಕಾಕ್ಕೆ ಆರು ನಿಮಿಷದ ನಡಿಗೆ. ಅಷ್ಟರಲ್ಲಿ ಬಸ್ಸು ಕಂಡರೆ ಬಸ್ಸು, ಶೇರ್ ಟ್ಯಾಕ್ಸಿಯಲ್ಲಿ ಸೀಟಿದ್ದರೆ ಟ್ಯಾಕ್ಸಿ. ಎರಡೂ ಇಲ್ಲದಿದ್ದರೆ ಮಾತ್ರ, ಹಿಡಿದಿಟ್ಟ ಗಾಡಿ. ಬೇಡವಾದರೆ ರದ್ದು. ರದ್ದು ಮಾಡಿದರೆ ಪರದೆಯ ಮೇಲೆ ಕಾರಣಗಳ ಪಟ್ಟಿ ಬರುತ್ತದೆ. ‘ನನ್ನ ಕಾರ್ಯಕ್ರಮ ಬದಲಾಯಿತು’ ಎಂದು ಒತ್ತಿದರೆ ದಂಡ. ‘ಚಾಲಕನೇ ರದ್ದು ಮಾಡಲು ಹೇಳಿದ’ ಎಂದು ಒತ್ತಿದರೆ ದಂಡವಿಲ್ಲ, ಮರುಪ್ರಶ್ನೆಯೂ ಇಲ್ಲ. ನಾನು ಅದನ್ನೇ ಒತ್ತುತ್ತಿದ್ದೆ. ಹೇಗೂ ಅವರೆಲ್ಲ ಮಾಡುವುದು ಅದೇ ತಾನೇ — ಈ ಸಲ ಮಾಡದಿದ್ದರೂ ಇನ್ನೊಂದು ಸಲ...

ಆ ಅಕೌಂಟು ನನ್ನ ಹೆಸರಿನದಲ್ಲ. ನನ್ನ ಮಗಳು ಅದಿತಿ ಕಾಲೇಜಿನಲ್ಲಿದ್ದಾಗ ತನ್ನ ಹೆಸರಿನಲ್ಲಿ ಮಾಡಿ, ನನ್ನ ಫೋನಿಗೂ ಹಾಕಿಕೊಟ್ಟಿದ್ದಳು. ಹಾಗಾಗಿ ಎಲ್ಲ ಚಾಲಕರಿಗೂ ನಾನು ಅದಿತಿ. ಅವರು ಕರೆ ಮಾಡಿದರೆ ನಾನು ಎತ್ತುತ್ತಿರಲಿಲ್ಲ. ಒಮ್ಮೆ ಅದಿತಿ ತನ್ನ ಫೋನು ನೋಡಿ ಕೂಗಿಕೊಂಡಳು: “ಪಪ್ಪಾ, ನನ್ನ ರೇಟಿಂಗ್ ಇಷ್ಟು ಬ್ಯಾಡ್ ಯಾಕೆ? ತಿಂಗಳಿಗೆ ಒಂದು ಕ್ಯಾಬ್ ಕೂಡ ತಗೊಳಲ್ಲ ಯಾರ್ ನಾನು!” ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಕೆಲವು ವಾರಗಳಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಎಂಟು ಐದಕ್ಕೆ ಸಿಗುವ ಗಾಡಿ ಮತ್ತೆ ಮತ್ತೆ ಒಬ್ಬನದೇ. ಬಿಳಿ ಕಾರು, ದುಂಡು ಮುಖದ ಫೋಟೋ, ಹೆಸರು ಮಹಾಂತೇಶ. ನಮ್ಮ ಕಡೆಯ ಹೆಸರು — ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಿ ಸಂತೋಷವಾಗಬೇಕಿತ್ತು. ಅನುಮಾನವಾಯಿತು. ಇಷ್ಟು ದೊಡ್ಡ ಊರಿನಲ್ಲಿ ದಿನವೂ ಇವನೇ ಏಕೆ? ನಮ್ಮ ಗೇಟನ್ನೇ ಕಾಯುತ್ತಾನೆಯೆ? ಹೆಣ್ಣಿನ ಹೆಸರು ನೋಡಿ ಬರುತ್ತಾನೆಯೆ? ಅವನನ್ನು ರದ್ದು ಮಾಡುವಾಗ ಬೆರಳು ಇನ್ನಷ್ಟು ಸಲೀಸಾಗಿ ಓಡಿತು.

ಸ್ಟ್ಯಾಂಡಿನಲ್ಲಿ ನನಗೆ ಮುಂದಿನ ಸೀಟು ಕೊಡುತ್ತಿದ್ದವನು ಸಿದ್ರಾಮಪ್ಪ. ಇಂಡಿ ತಾಲ್ಲೂಕಿನ ಕಡೆಯವನು, ಅರವತ್ತು ದಾಟಿತ್ತು, ಬಿಳಿ ಮೀಸೆ. ನಾನು ಕನ್ನಡದವನೆಂದು ತಿಳಿದ ದಿನದಿಂದ, ಸಾಲಿನಲ್ಲಿ ನಾನು ಎಷ್ಟನೆಯವನಾಗಿದ್ದರೂ, “ಸಾಹೇಬ್ರ ಸೀಟ್ ರಿಝರ್ವ್ ಹೈ” ಎಂದು ಉಳಿದವರನ್ನು ಗದರಿಸುತ್ತಿದ್ದ. ನಾನು ಕರ್ಚೀಫಿನಿಂದ ಸೀಟು ಒರೆಸಿ ಕೂರುವುದನ್ನು ನೋಡಿ ನಗುತ್ತಿದ್ದ. “ಒರಸ್ರಿ, ಒರಸ್ರಿ. ಮೈಸೂರು ಮಂದಿ ಕುಂತು ಎದ್ರ ನನ್ನ ಗಾಡಿ ಪಾಲಿಶ್ ಆಗ್ತೇತಿ.”

ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಮೇಲೆ ಬಟ್ಟೆ ಸುತ್ತಿದ ಡಬ್ಬಿಯಿತ್ತು, ಇನ್ನೂ ಬಿಸಿ. ಊಟ ಯಾರು ಕೊಟ್ಟರೆಂದು ಕೇಳಿದೆ. ಅವನು ಪೆಟ್ರೋಲ್ ಪಂಪಿನ ಕಡೆ ಗಲ್ಲ ತಿರುಗಿಸಿ ತೋರಿಸಿದ.

“ಅವನ ಹೇಂತಿ, ನನ್ನ ಸೊಸಿ, ರೊಟ್ಟಿ ಬಡೀತಾಳ್ರಿ. ನಾ ನಸುಕಿನ್ಯಾಗ ಮನಿ ಬಿಡ್ತೀನಿ, ಅಂವ ಆಮ್ಯಾಲೆ ತಂದು ಕೊಡ್ತಾನ. ನಮ್ಮಕ್ಕನ ಮಗ, ಮಹಾಂತೇಶ. ಅಕ್ಕ ಸತ್ತಾಗ ಇಷ್ಟ ಇದ್ದ. ಇದ ಗಾಡಿ ಮ್ಯಾಲೆ ಕಲಿಸೀನಿ. ಈಗ ನೋಡ್ರಿ, ಫೋನಿನ ಗಾಡಿ ಓಡಸ್ತಾನ. ಡಬ್ಬಿ ಕೊಟ್ಟು ಅಲ್ಲೇ ಪಂಪ್ ಬಾಜೂಕ ನಿಂತು ಫೋನ್ ಚಾಲೂ ಮಾಡ್ತಾನ.” ಗೇರ್ ಹಾಕುತ್ತ ಸೇರಿಸಿದ: “ಅವಂಗ ಫೋನಿನ್ಯಾಗ ಒಬ್ಬಾಕಿ ಕುಂತು ದಾರಿ ಹೇಳ್ತಾಳ್ರಿ. ನನಗ ಮೂರು ಮಂದಿ ಹಿಂದ, ಒಬ್ರು ಬಾಜೂಕ. ಯಾರ ಗಾಡಿ ದೊಡ್ಡದು ಹೇಳ್ರಿ?”

ಹಿಂದಿನ ಸೀಟಿನವರಿಗೆ ಅರ್ಥವಾಗದೆಯೂ ನಗು ಬಂತು. ನನ್ನ ಕೈಯಲ್ಲಿ ಫೋನಿತ್ತು. ಅದರಲ್ಲಿ ಅವನ ಅಕ್ಕನ ಮಗನನ್ನು ರದ್ದು ಮಾಡಿ ಎರಡು ನಿಮಿಷವೂ ಆಗಿರಲಿಲ್ಲ.

ಅಂದರೆ ಅವನು ನಮ್ಮ ಗೇಟು ಕಾಯುತ್ತಿರಲಿಲ್ಲ. ಮಾವನಿಗೆ ರೊಟ್ಟಿ ತರುತ್ತಿದ್ದ. ಅಷ್ಟೇ. ಇದು ಗೊತ್ತಾದ ಮೇಲೂ ನಾನು ನಿಲ್ಲಿಸಲಿಲ್ಲ. ಹದಿನಾಲ್ಕರಲ್ಲಿ ಐದು ಸಲ, ಗೊತ್ತಾದ ನಂತರದವು. ಈ ಐದಕ್ಕೆ ನನ್ನಲ್ಲಿ ಯಾವ ವಿವರಣೆಯೂ ಇಲ್ಲ. ಮಹಾಂತೇಶನಲ್ಲದ ಬೇರೆ ಚಾಲಕರಿಗೂ ಇದನ್ನೇ ಮಾಡಿದ್ದೇನೆ. ಅವರನ್ನು ನಾನು ಎಣಿಸಿಲ್ಲ.

ಆಮೇಲೆ ಒಂದು ಸೋಮವಾರ ಡಬ್ಬಿ ಬರಲಿಲ್ಲ. ಘಾಟ್‌ಕೋಪರ್ ಹತ್ತಿರ ಬಂದಾಗ ಸಿದ್ರಾಮಪ್ಪ, “ಹುಡುಗನ ಐಡಿ ಬಂದ್ ಮಾಡ್ಯಾರ್ರಿ” ಎಂದ. ಗಿರಾಕಿಗಳಿಂದ ರದ್ದು ಮಾಡಿಸುತ್ತಾನೆಂದು ದೂರು ಬಂದಿದೆಯಂತೆ. ಒಂದಲ್ಲ, ಬಹಳ. ಇನ್ನು ಅವನಿಗೆ ಆ ಫೋನಿನಲ್ಲಿ ಗಾಡಿ ಓಡಿಸಲು ಆಗುವುದಿಲ್ಲ. “ಅಂವ ಅಂಥಾವ ಅಲ್ರಿ,” ಎಂದ. ನಾನು “ಅಯ್ಯೋ” ಅಂದೆ. ಆ ಶಬ್ದ ಸಹಜವಾಗಿಯೇ ಬಂತೆಂದು ನೆನಪು.

ಮರುದಿನ ಸಂಜೆ ಮಹಾಂತೇಶ ನಾಕಾದಲ್ಲಿ ನನ್ನನ್ನು ತಡೆದ. ಮೊದಲ ಸಲ ಅವನನ್ನು ಫೋಟೋದಲ್ಲಲ್ಲದೆ ನೋಡಿದ್ದು. ಫೋಟೋದಲ್ಲಿದ್ದುದಕ್ಕಿಂತ ಚಿಕ್ಕವನು. ಫೋನಿನಲ್ಲಿ ಒಂದಾದ ಮೇಲೊಂದು ಪರದೆ ತೋರಿಸಿದ. ಅವನ ರದ್ದಾದ ಸವಾರಿಗಳು. ಎಲ್ಲದರಲ್ಲೂ ಒಂದೇ ಹೆಸರು.

“ಸರ್, ಮಾಮಾನ ಸ್ಟ್ಯಾಂಡಿಗೆ ದಿನಾ ಬರ್ತೀರಲ್ರಿ. ಈ ಅದಿತಿ ಅನ್ನೂಕಿ ಯಾರರೇ ಅದಾಳೇನ್ರಿ?”

ನನ್ನ ಮಗಳ ಹೆಸರು ಒಬ್ಬ ಅಪರಿಚಿತನ ಬಾಯಲ್ಲಿ. ಅವನ ಹೆಬ್ಬೆರಳು ಆ ಹೆಸರಿನ ಮೇಲೆಯೇ ಇತ್ತು. ನಾನು ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಓದುವವನಂತೆ ಓದಿ ಹೇಳಿದೆ:

“ಇಲ್ಲಪ್ಪ. ಆ ಹೆಸರಿನವರು ಯಾರೂ ಬರೋದಿಲ್ಲ.”

ಅವನು ತಲೆಯಾಡಿಸಿದ, ತಾನು ಊಹಿಸಿದ್ದು ಸರಿಯಾಯಿತೆಂಬಂತೆ. “ನನಗೂ ಹಂಗ ಅನಿಸಿತ್ರಿ. ಹಂಗೊಬ್ಬಾಕಿ ಇಲ್ಲ. ಪ್ರತಿ ಸಲ ನಾ ಗೇಟಿಗೆ ಹೋಗೂದ್ರಾಗ ಕ್ಯಾನ್ಸಲ್. ತಿರುಗಿ ಬಂದು ನೋಡಿದ್ರ ಮಾಮಾನ ಗಾಡಿ ಫುಲ್, ಹೊಂಟಿರ್ತೇತಿ. ಸ್ಟ್ಯಾಂಡಿನವ್ರಿಗೆ ನಮ್ಮ ಗಾಡಿ ಕಂಡ್ರ ಆಗೂದಿಲ್ಲ. ಮಾಮಾಗೂ ಒಳಗ ಒಳಗ...” ಅಲ್ಲಿಗೆ ನಿಲ್ಲಿಸಿದ. ನಂತರ ತಗ್ಗಿದ ದನಿಯಲ್ಲಿ ಕೇಳಿದ: “ಹೆಣ್ಣಿನ ಹೆಸರ್ಲೆ ಕಳ್ಳ ಅಕೌಂಟ್ ಮಾಡಸ್ಯಾನೇನ್ರಿ ಮಾಮಾ? ನೀವು ಓದಿದವ್ರು. ಖರೆ ಹೇಳ್ರಿ, ಹಿಂಗ ಇರಬಹುದೇನು?”

ಸಿದ್ರಾಮಪ್ಪನ ಫೋನು ನಾನು ದಿನವೂ ನೋಡುವಂಥದ್ದು. ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಬಟನ್ ಫೋನು. ಅದರಲ್ಲಿ ಅಕೌಂಟು ಹಾಗಿರಲಿ, ಕನ್ನಡ ಅಕ್ಷರವೂ ಮೂಡುವುದಿಲ್ಲ. ಆ ಕ್ಷಣದಲ್ಲಿ ಅದು ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಲಾರೆ.

“ಇರಬಹುದು,” ಎಂದೆ.

ಒಂದೇ ಮಾತು. ಹೌದೂ ಅಲ್ಲ, ಅಲ್ಲವೂ ಅಲ್ಲ — ಅದಕ್ಕೇ ಆರಿಸಿಕೊಂಡೆ. ಸುಳ್ಳು ಹೇಳಲಿಲ್ಲ ಎಂದು ನಾಳೆ ನನಗೆ ನಾನೇ ಹೇಳಿಕೊಳ್ಳಲು ಅನುಕೂಲವಾಗಲಿ ಎಂದು.

ಮರುದಿನ ಬೆಳಿಗ್ಗೆ ಎಂಟೂ ಕಾಲರ ಸುಮಾರು. ಟ್ಯಾಕ್ಸಿ ತುಂಬಿತ್ತು, ಎಂಜಿನ್ ಶುರುವಾಗಿತ್ತು. ಮಹಾಂತೇಶ ಬಂದು ಬಾನೆಟ್ಟಿನ ಮೇಲೆ ಅಂಗೈ ಬಡಿದ.

“ಇಳಿ ಮಾಮಾ, ಕೆಳಗ.”

ಸಿದ್ರಾಮಪ್ಪ ತಮಾಷೆಯೆಂದುಕೊಂಡ. “ಯಾಕೋ, ಶೇರ್ ಸೀಟ್ ಬೇಕಾತೇನು?”

“ಫೋನ್ ತಗಿ.”

ಅವನು ಇಳಿದು ಅಂಗಿಯ ಜೇಬಿನಿಂದ ಫೋನು ತೆಗೆದುಕೊಟ್ಟ. ಮಹಾಂತೇಶ ಅದನ್ನು ಒಂದು ಕ್ಷಣ ನೋಡಿದ. ಮುಗಿಯಿತು, ಈಗ ಅರ್ಥವಾಗುತ್ತದೆ ಎಂದು ನಾನು ಉಸಿರು ಬಿಟ್ಟೆ. ಆದರೆ ಅನುಮಾನ ಬಂದವನಿಗೆ ಬಟನ್ ಫೋನು ಕೂಡ ಸಾಕ್ಷಿಯೇ.

“ಹಂಗಾರ ಯಾರ ಫೋನಿಂದ ಮಾಡಸಿದಿ? ನನ್ನ ಮನ್ಯಾಗ ಉಂಡು, ನನ್ನ ಹೊಟ್ಟಿ ಮ್ಯಾಲೆ ಕಾಲಿಟ್ಟಿ. ಕಳ್ಳ ನೀ. ಈ ಸಾಹೇಬ್ರೂ ಹಂಗ ಅಂತಾರ. ಕೇಳು ಅವ್ರನ್ನ!”

ಬೇರೆ ಟ್ಯಾಕ್ಸಿಯವರು ಸೇರಿದ್ದರು. ಸಿದ್ರಾಮಪ್ಪ ಕಿಟಕಿಯ ಹತ್ತಿರ ಬಗ್ಗಿದ. ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಸಿಟ್ಟು ಇರಲಿಲ್ಲ. “ಏನ್ರಿ ಸಾಹೇಬ್ರ?” ಎಂದ. ಕೇಳಿದ್ದು ಅಷ್ಟೇ. ನನ್ನ ಉತ್ತರಕ್ಕಾಗಿ ಕಾದ. ಎಷ್ಟು ಹೊತ್ತು ಕಾದನೆಂದು ಹೇಳಲಾರೆ — ಆಗ ಮಾತ್ರ ನಾನು ಗಡಿಯಾರ ನೋಡಲಿಲ್ಲ. ಅಲ್ಲ, ನೋಡಿದೆ. ನೋಡಿದಂತೆ ನಟಿಸಿದೆ.

“ನನಗೆ ಮೆಟ್ರೋ ತಪ್ಪತ್ತೆ,” ಎಂದೆ.

ಬಾಗಿಲು ತೆರೆದು ಇಳಿದೆ. ಎದುರಿಗೆ ಸಿಕ್ಕ ಆಟೋ ಹತ್ತಿದೆ. ಹಿಂದೆ ಸಿದ್ರಾಮಪ್ಪ ಉಳಿದ ಮೂವರಿಗೆ “ಉತರೋ ಭಾಯ್, ಗಾಡಿ ನಹೀ ಜಾಯೇಗಾ” ಎನ್ನುತ್ತಿದ್ದುದು ಕೇಳಿಸಿತು.

ಅಂದು ಸಂಜೆ ಅದಿತಿಗೆ ಹೇಳಿದೆ, ಆ ಅಕೌಂಟು ಅಳಿಸಿಬಿಡು, ಏನೋ ಮೋಸ ನಡೆಯುತ್ತಿದೆಯಂತೆ ಎಂದು. “ಪಾಸ್‌ವರ್ಡ್ ಚೇಂಜ್ ಮಾಡಿದ್ರೆ ಸಾಕಲ್ಲ ಪಪ್ಪಾ?” ಎಂದಳು. ಬೇಡ, ಪೂರ್ತಿ ತೆಗೆ ಎಂದೆ. ತೆಗೆಯುವ ಮೊದಲು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎಣಿಸಿದೆ. ಹದಿನಾಲ್ಕು ಎಂಬುದು ಆಗ ತಿಳಿದದ್ದು.

ಸಿದ್ರಾಮಪ್ಪನಿಗೆ ಹೆಂಡತಿ ಮಕ್ಕಳಿಲ್ಲ. ಮಹಾಂತೇಶನ ಖೋಲಿಯೇ ಅವನ ಮನೆಯಾಗಿತ್ತು. ಅದೇ ಮಧ್ಯಾಹ್ನ ಹಾಸಿಗೆ ಸುತ್ತಿಕೊಂಡು ಹೊರಟನಂತೆ. ಸ್ಟ್ಯಾಂಡಿಗೂ ಮತ್ತೆ ಬರಲಿಲ್ಲ. ನಾನು ಬಸ್ಸು ಹಿಡಿಯಲು ಶುರುಮಾಡಿದೆ. ನಾಕಾದಲ್ಲಿ ಸ್ಟ್ಯಾಂಡಿನ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಯಾರಾದರೂ ನನ್ನತ್ತ ನೋಡಿದರೆ ಇವನಿಗೆ ಗೊತ್ತಿದೆ ಎನ್ನಿಸುತ್ತಿತ್ತು. ಇಂದಿಗೂ, ಬಾಡಿಗೆ ಗಾಡಿಯ ಕನ್ನಡಿಯಲ್ಲಿ ಚಾಲಕನ ಕಣ್ಣು ನನ್ನ ಮೇಲೆ ಬಿದ್ದರೆ...

ಕಳೆದ ತಿಂಗಳು ಗೋರೆಗಾಂವ್‌ನಲ್ಲಿ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ದೊಡ್ಡ ಹೌಸಿಂಗ್ ಕಾಂಪ್ಲೆಕ್ಸು. ಗೇಟಿನಲ್ಲಿ ನನ್ನ ಗಾಡಿ ನಿಂತಾಗ ನೀಲಿ ಅಂಗಿಯ ಮುದುಕನೊಬ್ಬ ರಿಜಿಸ್ಟರ್ ಹಿಡಿದು ಬಂದು ಗಾಡಿಯ ನಂಬರು ಬರೆದುಕೊಂಡ. ಬರೆದು ತಲೆ ಎತ್ತಿದ.

“ಸಾಹೇಬ್ರ! ಆರಾಮ ಅದೀರಿ?”

ಅವನ ಟ್ಯಾಕ್ಸಿಯ ವಯಸ್ಸು ಮುಗಿದು ಅದು ಗುಜರಿಗೆ ಹೋಗಿತ್ತು. ಈಗ ಅವನಿಗೆ ಬರುವ ಹೋಗುವ ಫೋನಿನ ಗಾಡಿಗಳ ಲೆಕ್ಕ ಇಡುವ ಕೆಲಸ. ಅದನ್ನು ನಗುತ್ತಲೇ ಹೇಳಿದ. ಅಂದಿನ ವಿಷಯ ಎತ್ತಲಿಲ್ಲ. ನಾನು ಒಳಗೆ ಹೋಗುವಾಗ ಮಾತ್ರ ಹಿಂದಿನಿಂದ ಕೇಳಿದ: “ನೀವು ಚೆಂಬೂರದಾಗ ಇರ್ತೀರಲ್ರಿ. ಹುಡುಗ ಕಾಣಸ್ತಾನೇನ್ರಿ? ಮೈ ತುಂಬೇತೋ, ಸೊರಗ್ಯಾನೋ?”

ಆ ಭಾನುವಾರ ಬೆಳಿಗ್ಗೆ ವಾಶಿ ನಾಕಾದ ಕಡೆ ಕೇಳುತ್ತ ಕೇಳುತ್ತ ಮಹಾಂತೇಶನ ಖೋಲಿಗೆ ಹೋದೆ. ಅವನೀಗ ಒಂದು ಕಂಪನಿಯ ಸ್ಟಾಫ್ ಬಸ್ಸು ಓಡಿಸುತ್ತಾನೆ. ಒಳಗೆ ಕರೆದ, ಕುರ್ಚಿ ಕೊಟ್ಟ. ಅವನ ಹೆಂಡತಿ ಸಾವಿತ್ರಿ ನೀರು ತಂದಿಟ್ಟಳು. ನಾನು ನೀರು ಮುಟ್ಟದೆ ಎಲ್ಲ ಹೇಳಿದೆ. ಅದಿತಿ ನನ್ನ ಮಗಳು, ಅಕೌಂಟು ಅವಳದು, ಬೆರಳು ನನ್ನದು. ‘ಇರಬಹುದು’ ಎಂದಾಗ ಅಲ್ಲವೆಂದು ನನಗೆ ಗೊತ್ತಿತ್ತು.

ಅವನು ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ, “ಮಾಮಾ ಈಗ ಎಲ್ಲಿ ಅದಾನ್ರಿ?” ಎಂದ.

“ಗೋರೆಗಾಂವ್‌ನಲ್ಲಿ.”

“ಅಂದ್ರ ಭೇಟಿ ಆಗಿ ಬಂದೀರಿ.”

ಹೌದೆಂದೆ. ಹೌದೆನ್ನದೆ ಬೇರೆ ದಾರಿ ಇರಲಿಲ್ಲ. ಆದರೆ ಆ ‘ಹೌದು’ ಅವನ ಮುಖದಲ್ಲಿ ಏನು ಮಾಡಿತೆಂದು ನಾನು ನೋಡಿದೆ. ಬಾಗಿಲೊಂದು ಮೆತ್ತಗೆ ಮುಚ್ಚಿಕೊಂಡಿತು.

“ಆ ಅಕೌಂಟ್ ತೋರಸ್ರಿ.”

ಅಳಿಸಿದೆ ಎಂದೆ. ಅವನು ಮುಗುಳ್ನಕ್ಕ. ಸಿಟ್ಟಿನ ನಗೆಯಲ್ಲ, ಅದೇ ಕಷ್ಟ. “ನಿಮ್ದು ದೊಡ್ಡ ಮನಸ್ಸು ಸರ್. ಮುದುಕನ್ನ ನೋಡಿ ಕರುಣಾ ಬಂದೇತಿ. ಅವನ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಬಂದೀರಿ. ನಿಮ್ಮಂಥಾವ್ರು ಹಂಗ ಮಾಡೂದಿಲ್ರಿ, ನನಗ ಗೊತ್ತೈತಿ.”

“ಅವ್ರು ಯಾಕ ಸುಳ್ಳು ಹೇಳ್ತಾರ?” ಎಂದಳು ಸಾವಿತ್ರಿ.

“ನೀ ಚಾ ಇಡು,” ಎಂದ.

ನನಗೆ ಚಹಾ ಕೊಟ್ಟರು. ಒಳ್ಳೆಯವನೆಂದು ಗೌರವ ಕೊಟ್ಟು, ಕೆಳಗಿನ ರಸ್ತೆಯವರೆಗೂ ಬಂದು ಬೀಳ್ಕೊಟ್ಟ. ಬೈದಿದ್ದರೆ, ಹೊಡೆದಿದ್ದರೆ — ಇಲ್ಲ, ಹಾಗೆ ಬಯಸುವುದೂ ನನ್ನ ಅನುಕೂಲಕ್ಕೇ.

ಮರುದಿನ ಗೋರೆಗಾಂವ್‌ಗೆ ಹೋಗಿ ಸಿದ್ರಾಮಪ್ಪನಿಗೂ ಹೇಳಿದೆ. ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿದ. ನಡುವೆ ಒಂದು ಗಾಡಿ ಬಂತು, ಎದ್ದು ನಂಬರು ಬರೆದುಕೊಂಡು ಬಂದು ಮತ್ತೆ ಕೂತ. ಏಕೆ ಮಾಡಿದಿರಿ ಎಂದು ಕೇಳಲಿಲ್ಲ. ಹೋಗಲಿ ಬಿಡ್ರಿ ಎಂದೂ ಅನ್ನಲಿಲ್ಲ. ಆ ಮಾತಿಗಾಗಿ ನಾನು ಕಾದೆ, ಒಪ್ಪಿಕೊಳ್ಳುತ್ತೇನೆ. ಅವನು ಅನ್ನಲಿಲ್ಲ.

“ಅವಂಗ ಹೇಳಿದ್ರೇನ್ರಿ?”

“ಹೇಳಿದೆ. ನಂಬಲಿಲ್ಲ. ನೀವು ನನ್ನ ಜೊತೆ ಬನ್ನಿ.”

“ನಾ ಬಂದ್ರ ನಾನ ಕರಕೊಂಡು ಬಂದೆ ಅಂತಾನ.” ರಿಜಿಸ್ಟರ್ ಮುಚ್ಚಿದ. ಮೊದಲ ಸಲ ಅವನ ದನಿ ಗಡುಸಾಗಿತ್ತು. “ನೀವ ಹೋಗ್ರಿ. ಒಂದ ಸಲಕ್ಕ ಬಿಡಬ್ಯಾಡ್ರಿ. ಮತ್ತ ಹೋಗ್ರಿ.”

ಹೋದೆ. ಎರಡನೆಯ ಭಾನುವಾರ ಮಹಾಂತೇಶ ಹೊಸ್ತಿಲಲ್ಲೇ ಕೈ ಮುಗಿದು, “ಸಾಕ್ರಿ ಸರ್, ಮುದುಕಗ ಹೇಳ್ರಿ ಮತ್ತ ಕಳಿಸಬ್ಯಾಡ ಅಂತ” ಎಂದ. ಒಳಗೆ ಬರಗೊಡಲಿಲ್ಲ.

ಹಾಗಾಗಿ ಇದನ್ನು ನನ್ನ ಕೈಬರಹದಲ್ಲಿ ಬರೆದಿದ್ದೇನೆ. ಕೆಳಗೆ ಹೆಸರು, ವಿಳಾಸ ಹಾಕಿ ಸಹಿ ಮಾಡಿ ಅವನಿಗೆ ಕೊಡುತ್ತೇನೆ. ನಿನ್ನೆ, ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಅದಿತಿಗೆ ಕೊಟ್ಟೆ. ಅವಳಿಗೆ ಕನ್ನಡ ಓದುವುದು ನಿಧಾನ. ಕೆಲವು ಕಡೆ ನಾನೇ ಓದಿ ಹೇಳಬೇಕಾಯಿತು, ಹೇಳಲಾರದ ಜಾಗಗಳಲ್ಲೂ. ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟಳು. “ನಾಲ್ಕು ವರ್ಷ ಆ ಮನೆಯಲ್ಲಿ ಚೋರ್ ಅಂದ್ರೆ ನನ್ನ ಹೆಸರು, ಪಪ್ಪಾ,” ಎಂದಳು. ಆಮೇಲೆ ಎದ್ದು ತನ್ನ ಹೆಸರು, ಫೋಟೋ ಇರುವ ಕಾಲೇಜಿನ ಹಳೆಯ ಐಡಿ ಕಾರ್ಡು ಹುಡುಕಿ ತಂದು ಮೇಜಿನ ಮೇಲಿಟ್ಟಳು. ಈ ಭಾನುವಾರ ತಾನೂ ಬರುತ್ತಾಳಂತೆ.

“ಅವರು ಆಗಲೂ ನಂಬದಿದ್ರೆ?” ಎಂದು ಕೇಳಿದಳು.

ಅದರ ಮುಂದಿನ ಭಾನುವಾರ, ಎಂದೆ.